ಮಿಲ್ಲಿಗೆ 50 ವರ್ಷ: ಹಲಸಿನ ಹಲಗೆಯ ಮೇಲಿನ ಹೆಸರುಗಳಿಗೆ ನನ್ನ ನಮಸ್ಕಾರ

ಈ ಸಲದ ಆಯುಧಪೂಜೆಗೆ ನಮ್ಮೂರಿನ ಮರದ ಮಿಲ್ಲಿಗೆ 50 ವರ್ಷ ತುಂಬಿತು. ಸಾಗರ ಮತ್ತು ಸೊರಬದ ನಡುವೆ, ವರದಾ ನದಿಯ ದಂಡೆಗೆ ಕೂಗಳತೆಯಲ್ಲಿರುವ ಈ ಮಿಲ್ಲು ಇಷ್ಟು ಕಾಲ ನಡೆದು ಬಂದದ್ದಕ್ಕೆ ಊರವರು ನನ್ನನ್ನು ಅಭಿನಂದಿಸಿದರು, ಅಜ್ಜನ ಭಾವಚಿತ್ರಕ್ಕೆ ಹಾರ ಹಾಕಿದರು. ಆ ಪ್ರೀತಿಗೆ ನಾನು ಋಣಿ. ಆದರೆ ಆ ಗೌರವ ಮೊದಲು ಸಲ್ಲಬೇಕಾದ ಮಿಲ್ಲಿನ ಕೆಲಸಗಾರರು ಆ ಹೊತ್ತಿನಲ್ಲಿ ಬಾಗಿಲ ಬಳಿ ನಿಂತು, ಬಂದವರಿಗೆ ಮಂಡಕ್ಕಿ ಪ್ರಸಾದ ಹಂಚುತ್ತಿದ್ದರು. ಅವರಿಗೆ ಎಲ್ಲರೆದುರಿನಲ್ಲಿ ಹೇಳಬೇಕಾದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಜ್ಜ ಮೊದಲು ಹಾಕಿದ್ದು ಅಕ್ಕಿ ಗಿರಣಿ. ಇದ್ದದ್ದು ಒಂದೇ ಎಂಜಿನ್ನು. ಬೆಳಗ್ಗೆ ಅದರ ಬೆಲ್ಟು ಭತ್ತದ ಕಡೆಗೆ, ಮಧ್ಯಾಹ್ನದ ಮೇಲೆ ಗರಗಸದ ಕಡೆಗೆ. ಅದಕ್ಕಿಂತ ಮುಂಚೆ ಈ ಸೀಮೆಯಲ್ಲಿ ಮರ ಕೊಯ್ಯುವುದೆಂದರೆ ದಿಮ್ಮಿಯನ್ನು ಅಟ್ಟದ ಮೇಲೇರಿಸಿ, ಒಬ್ಬ ಮೇಲೆ, ಇನ್ನೊಬ್ಬ ಕೆಳಗೆ ನಿಂತು ಇಡೀ ದಿನ ಉದ್ದ ಗರಗಸ ಎಳೆಯುವುದಾಗಿತ್ತು. ಮಿಲ್ಲಿನ ಮೊದಲ ಕೆಲಸಗಾರರೆಲ್ಲ ಹಾಗೆ ಗರಗಸ ಎಳೆದು ಭುಜ ಸವೆಸಿಕೊಂಡವರೇ. ಕೊಯ್ದು ಉಳಿದ ಹಲಗೆ, ರೀಪುಗಳು ಹಾಳಾಗಬಾರದೆಂದು ಹಿಂಬದಿಯ ಮಾಡಿನ ಕೆಳಗೆ ಇಬ್ಬರು ಆಚಾರಿಗಳನ್ನು ಕೂರಿಸಿದ್ದರಿಂದ ಪೀಠೋಪಕರಣಗಳ ಕೆಲಸ ಶುರುವಾಯಿತು. ಇವತ್ತು ಮಿಲ್ಲಿಗೆ ಅನ್ನ ಹಾಕುತ್ತಿರುವುದು ಆ ಹಿಂಬದಿಯ ಮಾಡೇ.

ಸಾಗರ, ಸೊರಬ ಎಂದರೆ ಶ್ರೀಗಂಧದಲ್ಲಿ ಕೆತ್ತುವ ಗುಡಿಗಾರರ ಊರುಗಳೆಂದು ನಾಡಿಗೆಲ್ಲ ಗೊತ್ತು, ಆ ಕೀರ್ತಿ ಅವರಿಗೆ ಸಲ್ಲಬೇಕಾದದ್ದೇ. ನಮ್ಮಲ್ಲಿ ದುಡಿದವರ ಕೆಲಸ ಗಾಜಿನ ಕಪಾಟಿನಲ್ಲಿ ಇಡುವಂಥದ್ದಲ್ಲ. ಅದರ ಮೇಲೆ ಮಕ್ಕಳು ಕೂತು ಓದುತ್ತಾರೆ, ಬಾಣಂತಿಯರು ಮಲಗುತ್ತಾರೆ, ಅಡಿಕೆ ಸುಲಿಯುವ ದಿನ ನಾಲ್ಕು ಜನ ಒಟ್ಟಿಗೆ ಕೂರುತ್ತಾರೆ. ಈ ಸುತ್ತಿನ ಯಾವ ಮನೆಗೆ ಹೋದರೂ ನಮ್ಮ ಮಾಡಿನ ಕೆಳಗೆ ಹುಟ್ಟಿದ ತೊಟ್ಟಿಲೋ ತೂಗುಮಂಚವೋ ಬೆತ್ತ ಹೆಣೆದ ಆರಾಮ ಕುರ್ಚಿಯೋ ಕಣ್ಣಿಗೆ ಬೀಳುತ್ತದೆ. ನನ್ನ ಮಟ್ಟಿಗೆ ಈ ಊರಿನ ಪರಂಪರೆ ಎಂದರೆ ಇದೇ.

ನಾವೆಲ್ಲ ಆಚಾರಜ್ಜ ಎಂದೇ ಕರೆಯುವ ಹಿರಿಯರು ಕುರ್ಚಿ ಕಟ್ಟುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಕಾಲಿಗೂ ಅಡ್ಡಪಟ್ಟಿಗೂ ಅವರು ಕಬ್ಬಿಣದ ಮೊಳೆ ಹೊಡೆಯುವುದಿಲ್ಲ. ಒಂದರ ನಾಲಿಗೆಯನ್ನು ಇನ್ನೊಂದರ ಕುಳಿಗೆ ಇಳಿಸಿ, ಅಡ್ಡಲಾಗಿ ತೂತು ಕೊರೆದು, ಒಣಗಿದ ಬಿದಿರಿನ ಮೊಳೆ ಬಡಿಯುತ್ತಾರೆ. ಕುಳಿ ಬಿಗಿಯಾಯಿತೆಂದು ಅವರಿಗೆ ತಿಳಿಯುವುದು ಕೊಡತಿಯ ಸದ್ದಿನಿಂದ. ಆ ಸದ್ದು ಬದಲಾದ ಕ್ಷಣ ಕೈ ನಿಲ್ಲುತ್ತದೆ. ದಿಮ್ಮಿಯ ಅಳತೆಯನ್ನೂ ಅವರೇ ನನಗೆ ಕಲಿಸಿದರು. ಸುತ್ತಳತೆಯ ನಾಲ್ಕನೇ ಒಂದು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸಬೇಕು. 48 ಅಂಗುಲ ಸುತ್ತಿನ 10 ಅಡಿ ದಿಮ್ಮಿಗೆ 10 ಘನ ಅಡಿ. ಈ ಲೆಕ್ಕಕ್ಕೆ ಸಿಗುವುದು ದಿಮ್ಮಿಯ ನಿಜವಾದ ಗಾತ್ರದ ನೂರಕ್ಕೆ ಸುಮಾರು 78 ಪಾಲು ಮಾತ್ರ, ಉಳಿದದ್ದು ತೊಗಟೆಗೂ ಹೊಟ್ಟಿಗೂ ಬಿಟ್ಟ ಪಾಲು ಎಂಬುದನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ಶಾಲೆಯ ಮೆಟ್ಟಿಲು ಹತ್ತದ ಅವರಿಗೆ ಅದು ಮೊದಲೇ ಗೊತ್ತಿತ್ತು.

ಮಿಲ್ಲು ಎರಡು ಸಲ ನಿಂತೇಹೋಗುವ ಹಂತಕ್ಕೆ ಬಂದಿತ್ತು. ಮೊದಲನೆಯದು ಅಪ್ಪನ ಕಾಲದಲ್ಲಿ. ಕಾಡಿನ ರಕ್ಷಣೆಗಾಗಿ ಹೂಡಿದ್ದ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರ್ 12ರಂದು ಕಾಡಿನ ಕಡಿತಕ್ಕೆ ತಡೆ ಹಾಕಿತು. 2002ರ ಅಕ್ಟೋಬರಿನಲ್ಲಿ, ಲೈಸೆನ್ಸಿಲ್ಲದ ಮರದ ಮಿಲ್ಲುಗಳನ್ನೆಲ್ಲ ಮುಚ್ಚಬೇಕೆಂದೂ ಹೊಸದಕ್ಕೆ ಕೇಂದ್ರೀಯ ಉನ್ನತಾಧಿಕಾರ ಸಮಿತಿಯ ಅನುಮತಿ ಬೇಕೆಂದೂ ಹೇಳಿತು. ಆ ಆದೇಶಗಳು ಕಾಡಿಗೆ ಬೇಕಾಗಿದ್ದವು ಎಂದೇ ನಾನು ನಂಬಿದ್ದೇನೆ. ನಮ್ಮ ಬಾಗಿಲು ತೆರೆದೇ ಉಳಿದದ್ದು, ಮಿಲ್ಲಿನ ರೈಟರು ಮೊದಲ ದಿನದಿಂದ ಪ್ರತಿಯೊಂದು ಲೈಸೆನ್ಸು, ರಹದಾರಿ, ಹರಾಜಿನ ರಸೀದಿಯನ್ನು ದಾರ ಪೋಣಿಸಿ ಜೋಡಿಸಿಟ್ಟಿದ್ದರಿಂದ. ಅವರು ಈಗಿಲ್ಲ. ಅವರ ಮನೆಯವರಿಗೆ ನನ್ನ ನಮಸ್ಕಾರಗಳು. ಆಮೇಲಿಂದ ನಾವು ಸರ್ಕಾರಿ ಡಿಪೊದ ಹರಾಜಿನ ಸಾಗುವಾನಿ, ರೈತರು ತಮ್ಮ ಹಿತ್ತಲಿನಲ್ಲಿ ಬೆಳೆದ ಹಲಸು ಮತ್ತು ಸಿಲ್ವರ್ ಓಕ್, ನೆಡುತೋಪಿನ ಅಕೇಶಿಯಾ ಇಷ್ಟರಲ್ಲೇ ಕೆಲಸ ಮಾಡುತ್ತಿದ್ದೇವೆ.

ಎರಡನೆಯದು ನನ್ನ ಕಾಲದ್ದು. 2019ರ ಆಗಸ್ಟಿನ ಮಳೆಗೆ ವರದೆ ದಂಡೆ ಮೀರಿ ಬಂದಳು. ರಾತ್ರಿ ನೀರು ಮಿಲ್ಲಿನ ಅಂಗಳಕ್ಕೆ ನುಗ್ಗಿದಾಗ, ತಮ್ಮ ಮನೆಗಳ ಸೂರೂ ಸೋರುತ್ತಿದ್ದ ಹೊತ್ತಿನಲ್ಲಿ, ಕರೆಯದೆಯೇ ಹನ್ನೊಂದು ಜನ ಬಂದರು. ಎರಡು ವರ್ಷ ಒಣಗಿಸಿದ ಹಲಗೆಗಳು ತೇಲತೊಡಗಿದ್ದವು. ಸೊಂಟದ ನೀರಿನಲ್ಲಿ ನಿಂತು ಅವನ್ನು ಕಟ್ಟುಕಟ್ಟಾಗಿ ಹಗ್ಗದಿಂದ ಬಿಗಿದು, ಅಂಗಳದ ಹುಣಸೆ ಮರಕ್ಕೆ ಕಟ್ಟಿದರು. ಆಚಾರಜ್ಜ ನನಗೆ ಹೇಳಿದ್ದು ಒಂದೇ ಮಾತು: "ತಂಗೀ, ಹಲಗೆ ನಾವು ನೋಡ್ಕೋತೀವಿ, ನೀನು ಪುಸ್ತಕ ನೋಡ್ಕೋ." ನಾನು ಆ ವರ್ಷದ ಲೆಕ್ಕದ ಪುಸ್ತಕಗಳನ್ನೂ ಲೈಸೆನ್ಸಿನ ಕಾಗದಗಳನ್ನೂ ಎತ್ತಿಕೊಂಡು ಅಟ್ಟ ಹತ್ತಿದೆ. ಹಳೆಯ ಹಾಜರಿ ಪುಸ್ತಕಗಳಿದ್ದ ಟ್ರಂಕು ಕೆಳಗೇ ಉಳಿಯಿತು. ಮೂರನೆಯ ದಿನ ಅದನ್ನು ತೆರೆದಾಗ ಮಸಿಯೆಲ್ಲ ತೊಳೆದುಹೋಗಿ, ಹಾಳೆಗಳು ಮಣ್ಣಿನ ಮುದ್ದೆಯಾಗಿದ್ದವು. ಆ ಟ್ರಂಕಿನ ಮುಂದೆ ಕೂತು ನಾನು ಅತ್ತದ್ದನ್ನು ಕೆಲಸಗಾರರು ನೋಡಿದ್ದರು.

ಹಲಗೆಗಳ ಕೆಸರು ತೊಳೆದ ಮೇಲೆ ಬಿಸಿಲಿಗೆ ಹಾಕೋಣವೆಂದೆ. "ಅವಸರ ಮಾಡಿದ್ರೆ ಸೀಳತ್ತೆ. ಎರಡು ಮಳೆಗಾಲ ನೋಡಿದ ಮರ, ಇನ್ನೊಂದು ನೋಡ್ಲಿ" ಎಂದರು ಆಚಾರಜ್ಜ. ಹಲಗೆಗಳ ತುದಿಗೆ ಸೆಗಣಿ ಬಳಿದು, ಎರಡರ ನಡುವೆ ಗಾಳಿಯಾಡಲು ರೀಪು ಇಟ್ಟು ನೆರಳಿನಲ್ಲಿ ಅಟ್ಟಿ ಹಾಕಿದೆವು. ಸೊಟ್ಟಗಾಗದಿರಲೆಂದು ಮೇಲೆ ಕಲ್ಲು ಹೇರಿದರು. ನೂರಾರು ಹಲಗೆಗಳಲ್ಲಿ ಸೌದೆಗೆ ಹೋದದ್ದು ಬೆರಳೆಣಿಕೆಯಷ್ಟು. ಮೋಟಾರು ರಿಪೇರಿಯಾಗಿ ಗರಗಸ ತಿರುಗುವವರೆಗಿನ ಹತ್ತು ವಾರ ಅವರು ಅರ್ಧ ಕೂಲಿಗೆ ಬಂದರು. ಮಿಕ್ಕ ಬಾಕಿ ತೀರಿಸುವುದರೊಳಗೆ ಲಾಕ್‌ಡೌನ್ ಬಂತು, ಬಾಕಿ ತೀರಲು ಒಂದೂವರೆ ವರ್ಷ ಹಿಡಿಯಿತು. ಒಬ್ಬರೂ ಬಾಯಿಬಿಟ್ಟು ಕೇಳಲಿಲ್ಲ. ಮುಂಗಡ ಕೊಟ್ಟಿದ್ದ ಗಿರಾಕಿಗಳೂ ಹಣ ವಾಪಸು ಕೇಳದೆ ಕಾದರು. ಅವರಲ್ಲೊಬ್ಬರು ಮಗಳ ಮದುವೆಯ ಮಂಚವನ್ನು ಮೊಮ್ಮಗುವಿನ ನಾಮಕರಣದ ಹೊತ್ತಿಗೆ ಒಯ್ದರು. ಬೆಂಗಳೂರಿನಲ್ಲಿ ಪ್ಲೈವುಡ್ ಕೆಲಸಕ್ಕೆ ಹೋಗಿದ್ದ ಮೂವರು ಹುಡುಗರು ಆ ದಿನಗಳಲ್ಲಿ ಊರಿಗೆ ಮರಳಿ, ಆಚಾರಜ್ಜನ ಪಕ್ಕದಲ್ಲಿ ಹತ್ತರಿ ಹಿಡಿದು ಕೂತವರು ಈಗಲೂ ಕೂತಿದ್ದಾರೆ. ಇವರೆಲ್ಲರ ಉಪಕಾರವನ್ನು ನಾನು ಮರೆಯುವವಳಲ್ಲ.

ಈ ವರ್ಷದ ಬೇಸಿಗೆಯಲ್ಲಿ ನನಗೆ ತಿಳಿಸದೆಯೇ ಮಿಲ್ಲಿನ ಕೆಲಸಗಾರರು ಇನ್ನೊಂದು ಕೆಲಸ ಶುರುಮಾಡಿದ್ದರು. ದಿನದ ಕೆಲಸ ಮುಗಿದ ಮೇಲೆ ಹಿರಿಯರು ಮಾಡಿನ ಕೆಳಗೆ ಕೂತು, ಮಿಲ್ಲಿನಲ್ಲಿ ದುಡಿದವರ ಹೆಸರುಗಳನ್ನು ಒಂದೊಂದಾಗಿ ನೆನಪಿಗೆ ತಂದುಕೊಳ್ಳುತ್ತಿದ್ದರು. ಇಸವಿಗಳು ಅವರಿಗೆ ನೆನಪಿರಲಿಲ್ಲ, ವಸ್ತುಗಳು ಇದ್ದವು. ಆ ದೊಡ್ಡಮನೆಯ ತೂಗುಮಂಚಕ್ಕೆ ಸರಪಳಿ ಜೋಡಿಸಿದವನು ಯಾರು, ಶಾಲೆಯ ಬೆಂಚುಗಳ ಹಲಗೆ ಹತ್ತರಿ ಹೊಡೆದವನು ಯಾರು ಎಂದು ಒಬ್ಬರನ್ನೊಬ್ಬರು ಕೇಳುತ್ತ ಹೋದಂತೆ ಹೆಸರುಗಳು ಎದ್ದು ಬಂದವು. ಅರಗಿನ ಪಾಲಿಶ್ ಕೊಡುವ, ಮರಳು ಕಾಗದದಿಂದ ಉಜ್ಜುವ, ಬೆತ್ತ ಹೆಣೆಯುವ ಹೆಂಗಸರ ಹೆಸರುಗಳೂ ಬಂದವು. ನನಗೆ ಚೆನ್ನಾಗಿ ನೆನಪಿದೆ: ಹಾಳಾದ ಆ ಪುಸ್ತಕಗಳಲ್ಲಿ ಅವರಿಗೆ ಹೆಸರೇ ಇರಲಿಲ್ಲ, "ಪಾಲಿಶ್ ಹೆಣ್ಣಾಳು 2" ಎಂದಷ್ಟೇ ಬರೆಯುತ್ತಿದ್ದರು. ಆ ಟ್ರಂಕನ್ನು ನಾನು ಅಟ್ಟಕ್ಕೇರಿಸಿದ್ದರೂ ಆ ಹೆಂಗಸರು ನನಗೆ ಸಿಗುತ್ತಿರಲಿಲ್ಲ. ನಮ್ಮ ಮನೆತನದಿಂದ ಆದ ಈ ಲೋಪಕ್ಕಾಗಿ ಅವರ ಮತ್ತು ಅವರ ಮಕ್ಕಳ ಕ್ಷಮೆ ಕೇಳುತ್ತೇನೆ.

ಆಯುಧಪೂಜೆಯ ಹಿಂದಿನ ಸಂಜೆ ಅವರು ಒಂದು ಹಲಸಿನ ಹಲಗೆಯನ್ನು ತಂದು ನನ್ನ ಮುಂದಿಟ್ಟರು. ಹುಣಸೆ ಮರಕ್ಕೆ ಕಟ್ಟಿ ಉಳಿಸಿದ ಹಲಗೆಗಳಲ್ಲಿ ಅದೂ ಒಂದು. ಅದರ ಮೇಲೆ 61 ಹೆಸರುಗಳನ್ನು ಉಳಿಯಿಂದ ಕೊರೆದಿದ್ದರು, ಹೆಂಗಸರದು 17. ಹೊಸದಾಗಿ ಹತ್ತರಿ ಹೊಡೆದ ಹಲಸು ಅರಿಶಿನದ ಬಣ್ಣದ್ದು. ವರ್ಷ ಕಳೆದಂತೆ ಕಂದು ತಿರುಗುತ್ತದೆ. ಅದನ್ನು ಅಜ್ಜನ ಭಾವಚಿತ್ರದ ಪಕ್ಕದಲ್ಲಿ, ಬಂದವರ ಕಣ್ಣಿಗೆ ಮೊದಲು ಬೀಳುವ ಕಡೆ ಹಾಕಿದ್ದೇವೆ.

ಹಲಗೆಯ ಕೆಳಗಿನ ಒಂದೂವರೆ ಅಡಿಯನ್ನು ಆಚಾರಜ್ಜ ಖಾಲಿ ಬಿಟ್ಟಿದ್ದಾರೆ. ನಿಮ್ಮ ಮನೆಯಲ್ಲಿ ಯಾರಾದರೂ ನಮ್ಮ ಮಿಲ್ಲಿನಲ್ಲಿ ದುಡಿದಿದ್ದು, ಅವರ ಹೆಸರು ಬಿಟ್ಟುಹೋಗಿದ್ದರೆ ದಯವಿಟ್ಟು ಬಂದು ತಿಳಿಸಿ. ಉಳಿಯನ್ನು ಹಲಗೆಯ ಕೆಳಗೇ, ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದೇವೆ.