ಎಡ-ಬಲ ಚಕ್ರದ ಹಬ್ ಅದಲು ಬದಲು ಹಾಕಿದ್ದಕ್ಕೆ ದೂರು

ಮ್ಯಾನೇಜರ್ ಅವರಿಗೆ,
ಸರ್ವಿಸ್ ವಿಭಾಗ

ವಿಷಯ: ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿಗೆ ವೈರ್ ವೀಲ್ (ಕಡ್ಡಿ ಚಕ್ರ) ತಪ್ಪಾಗಿ ಕೂರಿಸಿರುವುದು

ಮಾನ್ಯರೇ,

ಫೋನಲ್ಲಿ ಹೇಳಿ ಹೇಳಿ ಸಾಕಾಯಿತು. "ಹುಡುಗನ್ನ ಕಳಿಸ್ತೀವಿ ಸಾರ್" ಅಂದಿರಿ, ಯಾರೂ ಬರಲಿಲ್ಲ. ಅದಕ್ಕೇ ಈ ಪತ್ರ.

ನನ್ನ ಕಾರು ಮದ್ರಾಸಿನಲ್ಲಿ ತಯಾರಾದ 1968ರ ಹೆರಾಲ್ಡ್. ನಮ್ಮ ತಂದೆ ಓಡಿಸಿದ ಗಾಡಿ. ಸ್ಟೀಲ್ ವೀಲ್ ತೆಗೆದು ವೈರ್ ವೀಲ್ ಹಾಕಿಸಲು ಇಂಗ್ಲೆಂಡಿನಿಂದ ಪೂರ್ತಿ ಕಿಟ್ ತರಿಸಿ ನಿಮ್ಮ ಕೈಗೆ ಕೊಟ್ಟೆ. ವಿಂಟೇಜ್ ಗಾಡಿ ಕೆಲಸ ನಿಮಗೆ ಹೊಸದಲ್ಲ ಅಂತ ನೀವೇ ಹೇಳಿದ್ದಿರಿ. ಹಾಗಿದ್ದರೆ ಎಡಗಡೆ ಹಬ್‌ಗೆ (ಚಕ್ರ ಕೂರುವ ನಡುಭಾಗ) ಸೀದಾ ಥ್ರೆಡ್, ಅಂದರೆ ಬಲಕ್ಕೆ ತಿರುಗಿಸಿದರೆ ಬಿಗಿಯಾಗುವ ಮರೆ, ಬಲಗಡೆ ಹಬ್‌ಗೆ ಉಲ್ಟಾ ಥ್ರೆಡ್ ಅನ್ನುವುದು ನಿಮಗೆ ಗೊತ್ತಿರಲೇಬೇಕು. ಸರಿಯಾಗಿ ಹಾಕಿದರೆ ಗಾಡಿ ಓಡುವಾಗ ಸ್ಪಿನ್ನರ್ (ಚಕ್ರ ಹಿಡಿದಿಡುವ, ಕಿವಿಗೆ ಸುತ್ತಿಗೆಯಲ್ಲಿ ಹೊಡೆದು ಬಿಗಿಯುವ ದೊಡ್ಡ ನಟ್) ಬಿಗಿಯಾಗುವ ಕಡೆಗೇ ಎಳೆಯುತ್ತದೆ. ಅದಲು ಬದಲಾದರೆ ಓಡಿದಷ್ಟೂ ಸಡಿಲವಾಗುತ್ತದೆ. ಚಕ್ರವೇ ಕಳಚಿಕೊಳ್ಳಬಹುದು.

ನೀವು ಅದಲು ಬದಲು ಹಾಕಿದ್ದೀರಿ. ಕನಕಪುರ ರಸ್ತೆಯಲ್ಲಿ ಮುಂದಿನ ಬಲ ಚಕ್ರ ಕಟಕಟ ಅನ್ನತೊಡಗಿತು. ನಿಲ್ಲಿಸಿ ಕೈ ಹಾಕಿದರೆ ಸ್ಪಿನ್ನರ್ ಬೆರಳಲ್ಲೇ ತಿರುಗಿತು. ಹಿಂದಿನ ಸೀಟಲ್ಲಿ ನನ್ನ ಮಗಳು ಕೂತಿದ್ದಳು.

ಟೋ ಮಾಡಿಸಿಕೊಂಡು ನಿಮ್ಮಲ್ಲಿಗೇ ತಂದೆ. ಕೌಂಟರ್‌ನಲ್ಲಿದ್ದ ಸೂಪರ್‌ವೈಸರ್ ತಲೆ ಎತ್ತದೆ, "ಹಳೇ ಗಾಡಿ ಅಲ್ವಾ, ಸದ್ದು ಇದ್ದೇ ಇರತ್ತೆ" ಅಂದರು. ಸ್ಪಿನ್ನರ್ ಸಡಿಲವಾಗಿದೆ ಅಂದೆ. "ಯೂಟ್ಯೂಬ್ ನೋಡ್ಕೊಂಡು ಬಂದ್ರಾ?" ಅಂದರು. ಪಕ್ಕದಲ್ಲಿ ಕಾಯುತ್ತಿದ್ದ ಇಬ್ಬರು ನಕ್ಕರು. ನಾನು ಆ ಸೂಪರ್‌ವೈಸರನ್ನು ಕಾರಿನ ಹತ್ತಿರ ಕರೆದುಕೊಂಡು ಹೋದೆ. ಸ್ಪಿನ್ನರ್ ಮೇಲೆ ಬಿಚ್ಚುವ ದಿಕ್ಕಿಗೆ ಬಾಣ ಕೆತ್ತಿದೆ. ಗಾಡಿ ಮುಂದೆ ಹೋಗುವಾಗ ಚಕ್ರ ತಿರುಗುವ ಕಡೆಗೇ ಆ ಬಾಣ ಇರಬೇಕು, ಇಲ್ಲಿ ತದ್ವಿರುದ್ಧ ಇದೆ ಎಂದು ಬೆರಳಿಟ್ಟು ತೋರಿಸಿದೆ. ಅವರು ಒಂದು ಕಬ್ಬಿಣದ ಸುತ್ತಿಗೆ ತರಿಸಿ ನನ್ನ ಕೈಗೆ ಕೊಟ್ಟು, "ಅಷ್ಟೆಲ್ಲ ಗೊತ್ತಿದ್ರೆ ನೀವೇ ಹೊಡ್ಕೊಳ್ಳಿ ಸಾರ್" ಅಂದರು. ಎಲ್ಲರೂ ನೋಡುತ್ತಿದ್ದರು. ಆಮೇಲೆ 'ಕೆಲಸ ತೃಪ್ತಿಕರ' ಅಂತ ಬರೆದಿದ್ದ ಜಾಬ್ ಕಾರ್ಡ್ ಮುಂದಿಟ್ಟು, ಸಹಿ ಹಾಕಿದರೆ ಮಾತ್ರ ಕೀ ಅಂದರು. ನಾನು ಸಹಿ ಹಾಕಲಿಲ್ಲ. ಕೀ ಸಿಗುವಷ್ಟರಲ್ಲಿ ಕತ್ತಲಾಗಿತ್ತು.

ಆ ಸುತ್ತಿಗೆ ನೋಡಿದ ಮೇಲೆ ಸ್ಪಿನ್ನರ್ ಕಿವಿಗಳ ಕ್ರೋಮ್ ಯಾಕೆ ಎದ್ದಿದೆ ಅಂತ ಅರ್ಥವಾಯಿತು. ಅದಕ್ಕೆ ಹೊಡೆಯುವುದು ತಾಮ್ರದ ಸುತ್ತಿಗೆಯಲ್ಲಿ. ಕಿಟ್ ಜೊತೆ ಅದನ್ನೂ ಕೊಟ್ಟಿದ್ದೆ, ವಾಪಸ್ ಬಂದಿಲ್ಲ. ಟಯರ್ ಒಳಗೆ ಟ್ಯೂಬನ್ನೂ ಹಾಕಿಲ್ಲ. ಕಡ್ಡಿಗಳ ತೂತಿನಿಂದ ಗಾಳಿ ಇಳಿದು ಬೆಳಗಾಗುವಷ್ಟರಲ್ಲಿ ಟಯರ್ ಚಪ್ಪಟೆ. ಬಿಲ್ಲಿನಲ್ಲಿ ಮಾತ್ರ ನಾಲ್ಕು ಟ್ಯೂಬ್, ರಿಮ್ ಟೇಪ್, ಎಲ್ಲಕ್ಕೂ ದುಡ್ಡು ಹಾಕಿದ್ದೀರಿ.

ಹಬ್‌ಗಳನ್ನು ಸರಿಯಾದ ಕಡೆಗೆ ಹಾಕಿ, ಹಾಳಾದ ಸ್ಪಿನ್ನರ್‌ಗಳಿಗೆ ಹೊಸದು ತರಿಸಿ, ಹಾಕದ ಟ್ಯೂಬಿನ ದುಡ್ಡು ಮತ್ತು ಟೋ ಖರ್ಚು ಕೊಡಬೇಕು. ಕೆಲಸ ನನ್ನ ಕಣ್ಣೆದುರೇ ಆಗಬೇಕು. ಆ ಸೂಪರ್‌ವೈಸರ್ ಕೈಯಿಂದ ಬರೆದ ಕ್ಷಮಾಪಣೆಯೂ ಬೇಕು.

ಈ ಪತ್ರ ತಲುಪಿದ 15 ದಿನದೊಳಗೆ ಉತ್ತರ ಬರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಬಾಣದ ಗುರುತಿನ ಫೋಟೋ, ಬಿಲ್ಲು, ಟೋ ರಸೀದಿ ಎಲ್ಲ ಇಟ್ಟುಕೊಂಡಿದ್ದೇನೆ. ದುಡ್ಡು ವಾಪಸ್ ಕೊಟ್ಟು ಸುಮ್ನಾಗಿಸಬಹುದು ಅಂದುಕೊಳ್ಳಬೇಡಿ. ಊರಲ್ಲಿ ಹಳೇ ಕಾರು ಇಟ್ಟುಕೊಂಡಿರುವವರೆಲ್ಲ ಒಬ್ಬರಿಗೊಬ್ಬರು ಗೊತ್ತು. ಒಬ್ಬೊಬ್ಬರಿಗೂ ಆ ಫೋಟೋ ತೋರಿಸುತ್ತೇನೆ.

ಇಂತಿ,
ಹೆರಾಲ್ಡ್ ಕಾರಿನ ಮಾಲೀಕ
ಬೆಂಗಳೂರು