ಎನ್‌ಜಿಇಎಫ್‌ನ ಹಳೆ ಶೆಡ್‌ಗಳನ್ನೂ ಉಳಿಸಿ

ಮಾನ್ಯರೇ,

ಬೈಯಪ್ಪನಹಳ್ಳಿಯಲ್ಲಿ ಮುಚ್ಚಿಹೋದ ಸರ್ಕಾರಿ ವಿದ್ಯುತ್ ಉಪಕರಣ ಕಾರ್ಖಾನೆ ಎನ್‌ಜಿಇಎಫ್‌ನ ಜಾಗದಲ್ಲಿ ಟ್ರೀ ಪಾರ್ಕ್ ಮಾಡಲು ಸರ್ಕಾರ ಹೊರಟಿರುವುದು ಖುಷಿಯ ವಿಷಯ. ಆದರೆ ಮರಗಳ ಜೊತೆಗೆ ಟ್ರಾನ್ಸ್‌ಫಾರ್ಮರ್, ಮೋಟಾರ್ ತಯಾರಾಗುತ್ತಿದ್ದ ಶೆಡ್‌ಗಳೂ ಉಳಿಯಬೇಕು. ಹಳೇದು ಅಂತ ಸುಮ್ನೆ ಜೆಸಿಬಿ ನುಗ್ಗಿಸಬಾರದು.

ಲಂಡನ್ನಿನ ಕಿಂಗ್ಸ್ ಕ್ರಾಸ್ ನೋಡಿ. ರೈಲಿನಲ್ಲಿ ಬಂದ ಗೋಧಿ ತುಂಬಿಡಲು 1852ರಲ್ಲಿ ಕಟ್ಟಿದ ಉಗ್ರಾಣದಲ್ಲಿ 2011ರಿಂದ ಕಲಾ ಕಾಲೇಜು ನಡೆಯುತ್ತಿದೆ. ಪಕ್ಕದಲ್ಲೇ ಕಲ್ಲಿದ್ದಲು ಇಳಿಸುತ್ತಿದ್ದ ಉದ್ದನೆಯ ಇಟ್ಟಿಗೆ ಕಟ್ಟಡಗಳಿವೆ. ಮೇಲಿನ ಹಳಿಯಲ್ಲಿ ವ್ಯಾಗನ್ ನಿಲ್ಲುತ್ತಿತ್ತು, ಕಲ್ಲಿದ್ದಲು ಕೆಳಕ್ಕೆ ಸುರಿಯುತ್ತಿತ್ತು, ಕುದುರೆ ಗಾಡಿಗಳು ಹೊತ್ತೊಯ್ಯುತ್ತಿದ್ದವು. ಅದೇ ಕಮಾನುಗಳಲ್ಲಿ 2018ರಿಂದ ಅಂಗಡಿ, ಹೋಟೆಲ್‌ಗಳಿವೆ. ಗ್ಯಾಸ್ ತುಂಬಿಡುತ್ತಿದ್ದ ದೊಡ್ಡ ಟ್ಯಾಂಕ್‌ಗಳ ಕಬ್ಬಿಣದ ಚೌಕಟ್ಟಿನೊಳಗೆ ಮನೆಗಳೇ ಎದ್ದಿವೆ. ಅಲ್ಲಿ ಬಾಡಿಗೆ ಜಾಸ್ತಿ, ನಿಜ. ನಮ್ಮದು ಸರ್ಕಾರಿ ಜಾಗ, ಆ ತೊಂದರೆ ಬರದಂತೆ ನೋಡಿಕೊಳ್ಳಬಹುದು.

1884ರಲ್ಲಿ ಶುರುವಾದ ನಮ್ಮ ಬಿನ್ನಿ ಮಿಲ್ ಜಾಗದಲ್ಲಿ ಏನಾಯಿತು? ಮಾಲ್, ಎತ್ತರದ ಅಪಾರ್ಟ್‌ಮೆಂಟ್‌ಗಳು ಬಂದವು. ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟ ಮಿಲ್ ಅದು. ಇನ್ನೊಂದು ಅಂಥದ್ದನ್ನು ಕಳೆದುಕೊಳ್ಳಲು ಮನಸ್ಸು ಒಪ್ಪುವುದಿಲ್ಲ.

ಎನ್‌ಜಿಇಎಫ್ ಶೆಡ್‌ಗಳಲ್ಲಿ ಲೈಬ್ರರಿ, ನಾಟಕದ ರಂಗ, ಐಟಿಐ ಹುಡುಗರಿಗೆ ವರ್ಕ್‌ಶಾಪ್ ಮಾಡಬಹುದು ಅಲ್ವಾ? ಮೆಟ್ರೊ ಹತ್ತಿರದಲ್ಲೇ ಇದೆ. ಟೆಂಡರ್ ಕರೆಯುವ ಮೊದಲು ಯಾವ ಶೆಡ್ ಗಟ್ಟಿಯಿದೆ ಎಂದು ಎಂಜಿನಿಯರ್‌ಗಳಿಂದ ಪರೀಕ್ಷೆ ಮಾಡಿಸಿ, ವರದಿಯನ್ನು ಜನರ ಮುಂದಿಡಲಿ. ಅಲ್ಲಿ ದುಡಿದ ಹಿರಿಯರನ್ನೂ ಕರೆದು ಕೇಳಲಿ.

– ಓದುಗ, ಇಂದಿರಾನಗರ, ಬೆಂಗಳೂರು