ಅಣ್ಣನ ಹಠ, ಅಟ್ಟದ ಕಾಯಿ

ತಿಪಟೂರು
ಭಾನುವಾರ

ಚಿ. ಪುಟ್ಟುವಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನನ್ನ ಮಂಡಿನೋವು ಹೋದ ಸಾರಿ ಇದ್ದಷ್ಟೇ ಇದೆ; ಅದನ್ನೂ ಈಗ ಕ್ಷೇಮದ ಲೆಕ್ಕಕ್ಕೇ ಸೇರಿಸಿಕೊಂಡಿದ್ದೇನೆ. ಮೊನ್ನೆ ಫೋನಿನಲ್ಲಿ "ಅಪ್ಪ ಒಂದು ಮಾತೂ ಕೇಳಲ್ಲ ಅತ್ತೆ, ಬರೀ ಹಠ" ಅಂದೆಯಲ್ಲ, ಅಣ್ಣ ಪಕ್ಕದಲ್ಲೇ ಕೆಮ್ಮಿದ್ದು ಕೇಳಿಸಿ ನಾನು ಸುಮ್ಮನಾದೆ. ಅದಕ್ಕೇ ಈ ಕಾಗದ. ಅವನಿಗೆ ತೋರಿಸಬೇಡ.

ನೀರು ಕುಡಿಯಲ್ಲ ಅಂತ ನಿನ್ನ ದೂರು. ಕುಡಿದೆ ಅಂತ ಸುಳ್ಳು ಬೇರೆ ಹೇಳ್ತಾರೆ ಅಂದೆ. ಆ ಸುಳ್ಳನ್ನು ನಾನೂ ಹೇಳುತ್ತೇನೆ ಕಣೋ. ಎಪ್ಪತ್ತೊಂದಾದ ಮೇಲೆ ರಾತ್ರಿ ಮೂರು ಸಲ ಎದ್ದು, ಕತ್ತಲಲ್ಲಿ ಗೋಡೆ ತಡವಿಕೊಂಡು ಬಚ್ಚಲಿಗೆ ಹೋಗುವುದು ಏನು ಅಂತ ನಿನಗೆ ಈಗ ಗೊತ್ತಾಗಲ್ಲ. ಪಂಚೆಯ ತುದಿ ಕಾಲಿಗೆ ಸಿಕ್ಕಿದರೆ ಮುಗಿಯಿತು. ಅಣ್ಣನಿಗೆ ನೀರಿನ ಮೇಲೆ ಸಿಟ್ಟಿಲ್ಲ, ಬೀಳುವ ಭಯ. ಹಾಸಿಗೆಯಿಂದ ಬಚ್ಚಲವರೆಗೆ ಒಂದು ಸಣ್ಣ ದೀಪ ರಾತ್ರಿಯಿಡೀ ಉರಿಯಲಿ. ಸಂಜೆ ಆರರೊಳಗೆ ಹೆಚ್ಚು ನೀರು ಕುಡಿಸು, ಆಮೇಲೆ ಒತ್ತಾಯ ಮಾಡಬೇಡ. ಅವನ ಬಿ.ಪಿ. ಮಾತ್ರೆಯಲ್ಲಿ ಮೂತ್ರ ಹೆಚ್ಚು ಮಾಡುವಂಥದ್ದು ಇದೆಯಾ, ಇದ್ದರೆ ಬೆಳಿಗ್ಗೆ ಕೊಡಬಹುದಾ ಅಂತ ಡಾಕ್ಟರನ್ನು ಕೇಳು. ನೀನೇ ಬದಲಾಯಿಸಲು ಹೋಗಬೇಡ.

ಮಾತ್ರೆ ಅಂದಕೂಡಲೇ ನಮ್ಮತ್ತೆಯವರ ಕೊನೆಯ ವರ್ಷಗಳು ಕಣ್ಮುಂದೆ ಬರುತ್ತವೆ. ಒಂದು ಆಷಾಢದಲ್ಲಿ ಎರಡೇ ದಿನಕ್ಕೆ ಅವರು ಬೇರೆಯೇ ಮನುಷ್ಯರಾದರು. ನನ್ನನ್ನು ತೀರಿಹೋದ ತಂಗಿಯ ಹೆಸರಿನಿಂದ ಕರೆದರು, ಉಟ್ಟ ಸೀರೆ ಬಿಚ್ಚಿ ಮಡಿಚಿಡಲು ಹೋದರು. ಅರಳು ಮರಳು ಅಂದುಕೊಂಡೆವು. ಪಕ್ಕದ ಮನೆಯವರು ಗಾಳಿ ಅಂದರು. ನಾನು ಗದರಿದೆ, ಕೈ ಹಿಡಿದು ಜಗ್ಗಿ ಕೂರಿಸಿದೆ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರೆ ಸೋಡಿಯಂ, ಅಂದರೆ ರಕ್ತದಲ್ಲಿನ ಉಪ್ಪಿನಂಶ, 118. ಇರಬೇಕಾದ್ದು 135ರಿಂದ 145. ಬಿ.ಪಿ. ಅಂತ ನಾನು ಉಪ್ಪು ಪೂರಾ ನಿಲ್ಲಿಸಿದ್ದೆ, ಉಪ್ಪಿನಕಾಯಿ ಭರಣಿಯನ್ನೇ ಬಚ್ಚಿಟ್ಟಿದ್ದೆ. ಮೇಲೆ ಆ ಮೂತ್ರದ ಮಾತ್ರೆ. ಐದಾರು ದಿನಕ್ಕೆ ಸರಿಯಾದರು, ಮನೆಗೆ ಬಂದು "ಯಾಕೇ ಅಷ್ಟು ಬೈದೆ?" ಅಂತ ಕೇಳಿದರು. ನೆನಪಿತ್ತು ಅವರಿಗೆ. ಇಪ್ಪತ್ತು ವರ್ಷವಾಯಿತು, ಆ ಪ್ರಶ್ನೆಗೆ ಇನ್ನೂ ನನ್ನಲ್ಲಿ ಉತ್ತರವಿಲ್ಲ.

ಆದ್ದರಿಂದ ಹೇಳುತ್ತೇನೆ. ವರ್ಷಗಟ್ಟಲೆ ನಿಧಾನವಾಗಿ ಮರೆವು ಬಂದರೆ ಅದರ ದಾರಿ ಬೇರೆ. ನಿನ್ನೆ ಮೊನ್ನೆಯವರೆಗೆ ಸರಿಯಿದ್ದವನು ಇವತ್ತು ತೊದಲಿದರೆ, ದಿಕ್ಕು ತಪ್ಪಿದರೆ, ಅದನ್ನು ವಯಸ್ಸಿನ ತಲೆಗೆ ಕಟ್ಟಬೇಡ. ಸೋಡಿಯಂ ಇರಬಹುದು, ಮೂತ್ರದ ಸೋಂಕು ಇರಬಹುದು, ಸಕ್ಕರೆ ಇಳಿದಿರಬಹುದು, ಪಾರ್ಶ್ವವಾಯುವೇ ಇರಬಹುದು. ಆ ಹೊತ್ತಿಗೇ ಕರೆದುಕೊಂಡು ಹೋಗು.

ಬಚ್ಚಲಲ್ಲಿ ಹಿಡಿಕೆ ಹಾಕಿಸಲು ಹೋದರೆ "ನಾನೇನು ಕುಂಟನಾ?" ಅಂದನಂತೆ. ಅತ್ತೆಯೂ ಹಾಕಿಸಿಕೊಂಡಿದ್ದಾಳೆ ಅಂತ ಹೇಳು, ಕೇಳುತ್ತಾನೆ. ತಂಗಿಗಿಂತ ಹಿಂದೆ ಬೀಳುವುದು ಅವನಿಗೆ ಮೊದಲಿಂದಲೂ ಆಗಲ್ಲ. ಇನ್ನು ಸೊಸೆ ಅಡುಗೆಮನೆಯಿಂದ ಕೂಗಿದರೆ ಉತ್ತರ ಕೊಡದೇ ಇರುವುದು ಬಿಗುಮಾನವಲ್ಲ, ಕಿವಿ. ಎದುರಿಗೆ ಬಂದು ಮಾತಾಡಲಿ. ಪಾಪ, ಅವಳಿಗೂ ಎರಡು ಕೈಯೇ ಇರುವುದು, ಅದನ್ನೂ ನೀನು ನೋಡಬೇಕು. ಬರೀ ಫೋನಿನಲ್ಲಿ ಸಲಹೆ ಕೊಡುವ ನಿನ್ನ ಅಕ್ಕನಿಗೆ ವರ್ಷದಲ್ಲಿ ಒಂದು ತಿಂಗಳು ಬಂದಿರಲು ನೇರವಾಗಿ ಕೇಳು. ಅವಳಿಗೆ ನಾನೂ ಹೇಳುತ್ತೇನೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಅಣ್ಣ ದಿನಾ ಬೆಳಿಗ್ಗೆ ಆರಕ್ಕೆ ನನಗೆ ಫೋನ್ ಮಾಡುತ್ತಾನೆ, ನಿನಗೆ ಗೊತ್ತಿಲ್ಲ. ಕೇಳುವುದು ಎರಡೇ ಮಾತು. ಕೊಬ್ಬರಿ ಕ್ವಿಂಟಾಲ್‌ಗೆ ಎಷ್ಟಾಯಿತು, ಅಟ್ಟದ ಕಾಯಿ ಇಲಿ ಹಾಳುಮಾಡಿಲ್ಲ ತಾನೇ. ಕೊಬ್ಬರಿಯಾಗಲಿ ಅಂತ ಹೋದ ವರ್ಷ ಅಟ್ಟಕ್ಕೆ ಏರಿಸಿದ ತೆಂಗಿನಕಾಯಿಗೆ ಹನ್ನೊಂದು ತಿಂಗಳಾಯಿತು. ಅಲ್ಲಾಡಿಸಿದರೆ ಲೊಡಲೊಡ ಅನ್ನುತ್ತೆ, ಒಳಗೆ ನೀರು ಪೂರಾ ಇಂಗಿದೆ. ಯಾವಾಗ ಸುಲಿಸಬೇಕು, ಯಾವ ಹರಾಜಿಗೆ ಒಯ್ಯಬೇಕು ಅಂತ ಐವತ್ತು ವರ್ಷ ಅವನೇ ಹೇಳಿದ್ದು. ನೀನು "ಬಿಡಪ್ಪ, ಅದನ್ನೆಲ್ಲ ನಾನು ನೋಡ್ಕೋತೀನಿ" ಅಂದೆಯಂತೆ. ಒಳ್ಳೆಯದಕ್ಕೇ ಅಂದಿದ್ದೀಯ. ಅಂದಿನಿಂದ ಅನ್ನ ಅರ್ಧಕ್ಕೆ ಬಿಡುತ್ತಿದ್ದಾನೆ ಅಂತ ನೀನೇ ಹೇಳಿದೆ. ಎರಡನ್ನೂ ಸೇರಿಸಿ ನೋಡು. ರೇಟು ದಿನಾ ಅವನಿಗೆ ಓದಿ ಹೇಳು, ಮಾರುವ ದಿನ ಅವನೇ ಗೊತ್ತುಮಾಡಲಿ. ನಾಲ್ಕು ಕಾಸು ಕಡಿಮೆ ಬಂದರೆ ಬರಲಿ.

ತೋಟ ನಿನ್ನ ಹೆಸರಿಗೆ ಬರೆಸುವ ಮಾತನ್ನು ಸದ್ಯಕ್ಕೆ ಎತ್ತಬೇಡ. ಅವನಾಗಿಯೇ ದಾನಪತ್ರ ಮಾಡಿಕೊಡುತ್ತೇನೆ ಅಂದರೆ, ನೋಡಿಕೊಳ್ಳಬೇಕು ಅನ್ನುವ ಷರತ್ತನ್ನು ನೀನೇ ಮುಂದಾಗಿ ಬರೆಸು. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಅಂಥ ಷರತ್ತಿದ್ದು ಮಕ್ಕಳು ನೋಡಿಕೊಳ್ಳದಿದ್ದರೆ ಪತ್ರ ರದ್ದಾಗಬಹುದು. ಇದರಲ್ಲಿ ನಿನಗೆ ಅವಮಾನ ಏನೂ ಇಲ್ಲ. ಅವನು ನಿಶ್ಚಿಂತೆಯಾಗಿ ನಿದ್ದೆ ಮಾಡುತ್ತಾನೆ.

ಬರುವ ವಾರ ಅವನನ್ನು ರೈಲಿನಲ್ಲಿ ಕರೆತಂದು ಇಲ್ಲಿ ಬಿಟ್ಟುಹೋಗು. ಸುಲಿಯುವವರಿಗೆ ಹೇಳಿಟ್ಟಿದ್ದೇನೆ. ಹದಿನೈದು ದಿನ ಜಗಲಿ ಮೇಲೆ ಕೂತು ಎಲ್ಲರನ್ನೂ ಬೈಯಲಿ. ನೀವಿಬ್ಬರೂ ಅಷ್ಟು ದಿನ ನಿದ್ದೆ ಮಾಡಿ. ಮಾತ್ರೆಗಳನ್ನು ಚೀಟಿ ಸಮೇತ ಕಳಿಸು, ಕಪ್ಪು ಫ್ರೇಮಿನ ಕನ್ನಡಕ ಮರೆಯಬೇಡ. ಆ ಹೊಸದರಲ್ಲಿ ತಕ್ಕಡಿ ಮುಳ್ಳು ಕಾಣಿಸಲ್ಲವಂತೆ.

ಇತಿ,
ನಿನ್ನ ಅತ್ತೆ